ಅಗೆಯುವ ಮೊದಲು ನೀರು ಬಿಟ್ಟು ನೋಡಿ: ಎರೆ ಭೂಮಿಯ ಲಾನ್‌ನಲ್ಲಿ ಸ್ಪ್ರಿಂಕ್ಲರ್ ರಿಪೇರಿ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮನೆ ಮುಂದೆ ಲಾನ್ ಇಟ್ಟುಕೊಳ್ಳುವುದೇ ಒಂದು ಹಟ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಹೊಸ ಬಡಾವಣೆಗಳಲ್ಲಿ ಹುಲ್ಲುಹಾಸು ಕಾಣುತ್ತದೆ, ಅದರ ನಡುವೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹೆಡ್‌ಗಳೂ ಇಣುಕುತ್ತವೆ. ಹಾಕಿದ ವರ್ಷ ಎಲ್ಲವೂ ಚೆನ್ನ. ಎರಡನೇ ಬೇಸಿಗೆಗೆ ಒಂದು ಹೆಡ್ ಮೇಲೇಳುವುದಿಲ್ಲ, ಇನ್ನೊಂದು ಕಾಂಪೌಂಡ್ ಗೋಡೆಗೆ ನೀರು ಹೊಡೆಯುತ್ತದೆ, ಮತ್ತೊಂದರ ಬುಡದಲ್ಲಿ ಸದಾ ಕೆಸರು.

ಪ್ಲಂಬರ್ ಬಂದು ನೋಡಿದರೆ ಉತ್ತರ ಒಂದೇ: "ಹೆಡ್ ಹೋಗ್ಯಾವ್ರೀ ಸರ, ಎಲ್ಲಾ ಹೊಸಾವು ಹಾಕಬೇಕ್ರೀ." ಹಾಕಿಸಿದರೆ ಒಂದೆರಡು ತಿಂಗಳು ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಯಾಕೆಂದರೆ ಹೆಡ್ ಕೆಟ್ಟಿದ್ದು ತೊಂದರೆಯ ಕೊನೆಯ ಗುರುತು ಅಷ್ಟೇ. ನಮ್ಮ ಕಡೆ ಸ್ಪ್ರಿಂಕ್ಲರ್ ಕೆಡಿಸುವವರು ಮೂವರು: ಸಾಲದ ಒತ್ತಡ, ಗಡಸು ನೀರು, ಉಬ್ಬಿ ಕುಗ್ಗುವ ಎರೆ ಮಣ್ಣು. ಈ ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಮುಕ್ಕಾಲು ಪಾಲು ರಿಪೇರಿ ಮನೆಯವರೇ ಮಾಡಿಕೊಳ್ಳಬಹುದು. ಗುದ್ದಲಿ ಹಿಡಿಯುವ ಕೆಲಸ ಅಷ್ಟು ಸಲ ಬರುವುದೇ ಇಲ್ಲ.

ಮೊದಲು ನೀರು ಹೋಗುವ ದಾರಿ ತಿಳಿದಿರಲಿ. ಟ್ಯಾಂಕ್ ಅಥವಾ ಸಂಪ್, ಅಲ್ಲಿಂದ ಪಂಪ್, ಆಮೇಲೆ ಫಿಲ್ಟರ್, ನಂತರ ವಾಲ್ವ್. ವಾಲ್ವ್ ಕೈಯಲ್ಲಿ ತಿರುಗಿಸುವುದಿರಬಹುದು, ಟೈಮರ್‌ಗೆ ಜೋಡಿಸಿದ ಕರೆಂಟ್ ವಾಲ್ವ್ ಇರಬಹುದು. ವಾಲ್ವ್ ಆಚೆಗೆ ನೆಲದಡಿ ಪಿವಿಸಿ ಪೈಪ್, ಪೈಪಿನ ಮೇಲೆ ಅಲ್ಲಲ್ಲಿ ಹೆಡ್. ಈ ದಾರಿಯಲ್ಲಿ ನೀರು ಎಲ್ಲೋ ಸೋರುತ್ತಿರಬೇಕು, ಇಲ್ಲ ಎಲ್ಲೋ ಸಿಕ್ಕಿಕೊಂಡಿರಬೇಕು. ಮೂರನೆಯದು ಅಂತ ಇದ್ದರೆ, ಶುರುವಿನಲ್ಲೇ ಸಾಕಷ್ಟು ನೀರು ಬರುತ್ತಿಲ್ಲ.

ಹಾಗಾಗಿ ಬೆಳಿಗ್ಗೆ ಗಾಳಿ ಇಲ್ಲದಾಗ ನೀರು ಬಿಟ್ಟು, ಒಂದು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಎಲ್ಲ ಹೆಡ್‌ಗಳೂ ಸೋತಂತೆ ಇದ್ದರೆ ತೊಂದರೆ ಹೆಡ್‌ನಲ್ಲಿಲ್ಲ, ಹಿಂದೆ ಪಂಪ್, ಫಿಲ್ಟರ್ ಅಥವಾ ವಾಲ್ವ್‌ನಲ್ಲಿದೆ. ಒಂದೇ ಹೆಡ್ ಸೋತಿದ್ದರೆ ಅದರೊಳಗೇ ಕಸ ಇದೆ. ಒಂದು ಜಾಗದಿಂದಾಚೆಗಿನ ಹೆಡ್‌ಗಳೆಲ್ಲ ಸೋತು, ಈಚೆಗಿನವು ಚೆನ್ನಾಗಿದ್ದರೆ ಆ ಎರಡರ ನಡುವೆ ಪೈಪ್ ಒಡೆದಿದೆ. ನೀರು ಹೂವಿನಂತೆ ಹರಡದೆ ಮಂಜಿನಂತೆ ಹಾರಿಹೋಗುತ್ತಿದ್ದರೆ ಒತ್ತಡ ಜಾಸ್ತಿ ಆಗಿದೆ. ಇದು ಅಪರೂಪ, ಆದರೆ ದೊಡ್ಡ ಬೋರ್ ಮೋಟಾರಿಗೆ ನೇರ ಜೋಡಿಸಿದ ಮನೆಗಳಲ್ಲಿ ಕಾಣಿಸುತ್ತದೆ.

ಇನ್ನೊಂದು ನೋಟ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನೀರು ನಿಲ್ಲಿಸಿದ ಮೇಲೆ ಎಲ್ಲಕ್ಕಿಂತ ತಗ್ಗಿನಲ್ಲಿರುವ ಹೆಡ್ ಸ್ವಲ್ಪ ಹೊತ್ತು ಜಿನುಗುತ್ತದೆ. ಅದು ಸೋರಿಕೆ ಅಲ್ಲ. ಪೈಪಿನೊಳಗೆ ಉಳಿದ ನೀರು ತಗ್ಗಿಗೆ ಇಳಿದು ಬರುತ್ತಿದೆ ಅಷ್ಟೇ, ಕೆಲವೇ ನಿಮಿಷಕ್ಕೆ ನಿಲ್ಲುತ್ತದೆ. ಗಂಟೆ ಕಳೆದರೂ ಜಿನುಗುತ್ತಲೇ ಇದ್ದರೆ ಆಗ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ. ಇದನ್ನು ಕಡೆಗಣಿಸಬೇಡಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಯಲ್ಲಿ ರಾತ್ರಿಯಿಡೀ ಜಿನುಗುವ ಒಂದು ಹೆಡ್ ಸಾಕು, ಬೆಳಿಗ್ಗೆ ಮನೆಗೆ ಸ್ನಾನದ ನೀರೂ ಇರುವುದಿಲ್ಲ.

ಒತ್ತಡದ ಲೆಕ್ಕ

ಮಾಳಿಗೆ ಮೇಲೆ ಟ್ಯಾಂಕ್ ಇದೆ, ಅದರಿಂದ ಸ್ಪ್ರಿಂಕ್ಲರ್ ಯಾಕೆ ಓಡುವುದಿಲ್ಲ ಎಂದು ಕೇಳುವವರು ಜಾಸ್ತಿ. ಲೆಕ್ಕ ಸುಲಭ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಎರಡಂತಸ್ತಿನ ಮನೆಯ ಟ್ಯಾಂಕ್ 7–8 ಮೀಟರ್ ಮೇಲಿರುತ್ತದೆ ಅನ್ನಿ. ಸಿಗುವುದು 0.7 ಅಥವಾ 0.8 ಬಾರ್. ನೆಲದಿಂದ ಎದ್ದು ಬರುವ ಪಾಪ್‌ಅಪ್ ಹೆಡ್ ಚೆನ್ನಾಗಿ ಹರಡಲು 2 ಬಾರ್ ಬೇಕು. ತಿರುಗುತ್ತಾ ದೂರ ಚಿಮ್ಮುವ ರೋಟರ್ ಹೆಡ್‌ಗೆ 3 ಬಾರ್‌ನಷ್ಟು ಬೇಕು. ಟ್ಯಾಂಕಿನ ನೀರನ್ನೇ ನಂಬಿದರೆ ಹೆಡ್ ಅರ್ಧ ಎದ್ದು ಬುಡದಲ್ಲೇ ನೀರು ಸುರಿಸುತ್ತದೆ. ಹೆಡ್ ಬದಲಿಸಿ ಏನು ಪ್ರಯೋಜನ? ಅಂಥ ಕಡೆ ಸಣ್ಣ ಪಂಪ್ ಕೂಡಿಸಬೇಕು. ಬೇಡವೆಂದರೆ ತೋಟದವರು ಬಳಸುವ ಮೈಕ್ರೋ ಸ್ಪ್ರಿಂಕ್ಲರ್ ನೋಡಬಹುದು, ಅದು ಒಂದು–ಒಂದೂವರೆ ಬಾರ್‌ಗೆ ಕೆಲಸ ಮಾಡುತ್ತದೆ. ಟ್ಯಾಂಕ್ ಇನ್ನಷ್ಟು ಎತ್ತರದಲ್ಲಿದ್ದರೆ ಅದಕ್ಕೆ ಪಂಪ್ ಬೇಡ.

ಒತ್ತಡದಷ್ಟೇ ಮುಖ್ಯವಾದದ್ದು ನಿಮಿಷಕ್ಕೆ ಎಷ್ಟು ನೀರು ಎನ್ನುವುದು. 15 ಲೀಟರ್ ಬಕೆಟ್ ಇಟ್ಟು ಪಂಪಿನ ಪೈಪ್ ಅದರಲ್ಲಿ ಬಿಡಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್. ಪೈಪ್ ಬಾಯಿ ತೆರೆದಾಗ ಬರುವುದು ಇಷ್ಟು. ಒತ್ತಡ ಕೊಡಬೇಕಾದಾಗ ಇದಕ್ಕಿಂತ ಕಮ್ಮಿಯೇ ಬರುತ್ತದೆ. 15 ಅಡಿ ಚಿಮ್ಮುವ ಸ್ಪ್ರೇ ನಾಜಲ್ (ಹೆಡ್ ತುದಿಯಲ್ಲಿ ನೀರು ಹೊರಬರುವ ಬಾಯಿ) ಪೂರ್ತಿ ಸುತ್ತಿನದಾದರೆ ನಿಮಿಷಕ್ಕೆ ಸುಮಾರು 14 ಲೀಟರ್ ಕುಡಿಯುತ್ತದೆ. ಅರ್ಧ ಸುತ್ತಿನದು 7, ಮೂಲೆಯಲ್ಲಿ ಹಾಕುವ ಕಾಲು ಸುತ್ತಿನದು ಮೂರೂವರೆ. ಅಂದರೆ ಆ ಪಂಪಿಗೆ ಅರ್ಧ ಸುತ್ತಿನ ನಾಜಲ್ ಮೂರು, ಹೆಚ್ಚೆಂದರೆ ನಾಲ್ಕು. ಆದರೆ ಒಂದೇ ವಾಲ್ವ್‌ಗೆ ಎಂಟು ಹೆಡ್ ಹಾಕಿರುವ ಮನೆಗಳು ಎಷ್ಟೋ! ಮೊದಲು ಆರಿತ್ತು, ಆಮೇಲೆ ಹೂವಿನ ಪಾತಿಗೆ ಅಂತ ಎರಡು ಸೇರಿಸಿದರು, ಅಲ್ಲಿಗೆ ಎಂಟೂ ಹಾಳಾದವು. ಇದಕ್ಕೆ ಮದ್ದು ಲೈನನ್ನು ಎರಡಾಗಿ ಒಡೆದು, ಎರಡು ವಾಲ್ವ್ ಹಾಕಿ, ಒಂದಾದ ಮೇಲೆ ಒಂದು ಓಡಿಸುವುದು. ಖರ್ಚು ಒಂದು ಬಾಲ್ ವಾಲ್ವ್ ಮತ್ತು ಒಂದಷ್ಟು ಪೈಪಿನದು ಮಾತ್ರ.

ಪಂಪ್ ವಿಷಯದಲ್ಲಿ ಒಂದು ಎಚ್ಚರ. ಪಾಲಿಕೆಯ ನಲ್ಲಿ ಲೈನಿಗೆ ನೇರ ಮೋಟಾರ್ ಕೂಡಿಸುವಂತಿಲ್ಲ. ಸಂಪಿನಿಂದಲೇ ಎತ್ತಬೇಕು. ಲಾನ್ ಲೈನಿಗೆ ಎನ್‌ಆರ್‌ವಿ, ಅಂದರೆ ನೀರು ವಾಪಸ್ ಬರದಂತೆ ತಡೆಯುವ ವಾಲ್ವ್, ಇರಲೇಬೇಕು. ಇಲ್ಲದಿದ್ದರೆ ಪಂಪ್ ನಿಂತಾಗ ಲಾನ್‌ನಲ್ಲಿ ನಿಂತ ಗೊಬ್ಬರದ ನೀರು ಹೆಡ್ ಮೂಲಕ ಒಳಗೆ ಎಳೆದುಕೊಂಡು ಮನೆ ನೀರಿಗೆ ಸೇರಬಹುದು.

ಹೆಡ್ ಒಳಗೆ

ಈಗ ಹೆಡ್‌ಗೆ ಬರೋಣ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನೆಂದರೆ, ಪಾಪ್‌ಅಪ್ ಹೆಡ್ ರಿಪೇರಿಗೆ ನೆಲ ಅಗೆಯಬೇಕಾಗಿಲ್ಲ. ಮೇಲಿನ ಮುಚ್ಚಳ ಡಬ್ಬಿ ಮುಚ್ಚಳದಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದರ ಜೊತೆ ಒಳಗಿನ ಕೊಳವೆ, ಸ್ಪ್ರಿಂಗ್, ರಬ್ಬರ್ ಸೀಲ್ ಎಲ್ಲಾ ಮೇಲೆ ಬರುತ್ತವೆ. ಹೊರಗಿನ ಕವಚ ನೆಲದಲ್ಲೇ ಉಳಿಯುತ್ತದೆ. ಅದೇ ಕಂಪನಿಯ ಅದೇ ಅಳತೆಯ ಹೊಸ ಹೆಡ್ ತಂದು, ಅದರ ಒಳಭಾಗ ಮಾತ್ರ ತೆಗೆದು ಹಳೆಯ ಕವಚಕ್ಕೆ ಇಳಿಸಿ ಮುಚ್ಚಳ ತಿರುಗಿಸಿದರೆ ಮುಗಿಯಿತು. ಬಿಚ್ಚುವ ಮೊದಲು ಸುತ್ತ ಮಣ್ಣು, ಹುಲ್ಲು ಕುರ್ಪಿಯಿಂದ ಬಿಡಿಸಿ ಒರೆಸಿಕೊಳ್ಳಿ. ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಮಣ್ಣು ಕವಚದೊಳಗೆ ಬೀಳುತ್ತದೆ.

ಹೊಸದು ತರುವ ಮುಂಚೆ ಹಳೆಯದನ್ನು ಒಮ್ಮೆ ನೋಡಿ. ನಾಜಲ್ ತಿರುಗಿಸಿ ತೆಗೆದರೆ ಅದರಡಿ ಬೆರಳುದ್ದದ ಪ್ಲಾಸ್ಟಿಕ್ ಜರಡಿ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಟ್ಯಾಂಕ್ ಮುಚ್ಚಳ ಸರಿಯಿಲ್ಲದ ಮನೆಯಲ್ಲಿ ಈ ಜರಡಿ ತೆಗೆದರೆ ಒಳಗೆ ಅದಿರಿನ ಕೆಂಪು ಧೂಳು ಲೇಪದಂತೆ ಮೆತ್ತಿಕೊಂಡಿರುತ್ತದೆ. ಬೋರ್ ನೀರಿನ ಮನೆಯಲ್ಲಿ ನಾಜಲ್ ಸೀಳಿನ ಸುತ್ತ ಬಿಳಿ ಗಟ್ಟಿ ಪೊರೆ. ಕಾಲುವೆ ನೀರಿನ ಕಡೆ ನುಣ್ಣನೆಯ ಹೂಳು, ಹಸಿರು ಪಾಚಿ. ಜರಡಿ ನೋಡಿದರೇ ನೀರಿನ ಮೂಲ ಹೇಳಬಹುದು.

ಧೂಳು, ಹೂಳಾದರೆ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ನೀರು ಸಾಕು. ಬಿಳಿ ಪೊರೆ ಬ್ರಷ್‌ಗೆ ಜಗ್ಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಚಮಚ ಒಂದು ಲೋಟ ಬಿಸಿನೀರಿಗೆ ಹಾಕಿ, ಆರಿದ ಮೇಲೆ ನಾಜಲ್‌ಗಳನ್ನು ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಪೊರೆ ಪುಡಿಯಾಗಿ ಬಿಡುತ್ತದೆ. ಪಿನ್ನು, ಸೂಜಿ, ತಂತಿ ಹಾಕಿ ಚುಚ್ಚಬೇಡಿ. ಪ್ಲಾಸ್ಟಿಕ್ ಸೀಳು ಒಂದು ಕೂದಲಿನಷ್ಟು ಅಗಲವಾದರೂ ನೀರು ಹರಡುವ ರೀತಿಯೇ ಕೆಡುತ್ತದೆ, ಆಮೇಲೆ ಆ ನಾಜಲ್ ಬಿಸಾಡಬೇಕಷ್ಟೇ. ಟಾಯ್ಲೆಟ್ ಆಸಿಡ್ ಬಗ್ಗೆ ಕೇಳುವವರಿದ್ದಾರೆ. ನನ್ನ ಪ್ರಕಾರ ಬೇಡ. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ಖಾರ ಬೇಕಿಲ್ಲ, ಸ್ಪ್ರಿಂಗಿಗೂ ಕೈಗೂ ಒಳ್ಳೆಯದಲ್ಲ.

ಎದ್ದ ಹೆಡ್ ಕೆಳಗಿಳಿಯದಿದ್ದರೆ ಸೀಲಿನ ಬಳಿ ಮರಳು ಸಿಕ್ಕಿದೆ. ನೀರು ಬಿಟ್ಟಾಗ ಕೊಳವೆಯನ್ನು ಕೈಯಲ್ಲಿ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ, ನೀರೇ ಮರಳನ್ನು ಹೊರಗೆ ತಳ್ಳುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ. ಅದಕ್ಕೆ ಮರಳು ಇನ್ನೂ ಗಟ್ಟಿಯಾಗಿ ಅಂಟುತ್ತದೆ, ರಬ್ಬರೂ ಹಾಳಾಗುತ್ತದೆ.

ಒಂದೇ ತಿಂಗಳಲ್ಲಿ ಜರಡಿ ಮತ್ತೆ ಕಟ್ಟಿದರೆ ಹೆಡ್ ತೊಳೆಯುತ್ತಾ ಕೂರಬೇಡಿ, ಪಂಪ್ ಪಕ್ಕ ಫಿಲ್ಟರ್ ಹಾಕಿ. ಇದಕ್ಕೆ ಹಾರ್ಡ್‌ವೇರ್ ಅಂಗಡಿಗಿಂತ ಡ್ರಿಪ್ ಸಾಮಾನಿನ ಅಂಗಡಿಗೆ ಹೋಗುವುದು ಒಳ್ಳೆಯದು. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದವರಿಗೆ ಡಿಸ್ಕ್ ಫಿಲ್ಟರ್ ದಿನಬಳಕೆಯ ವಸ್ತು. 120 ಮೆಶ್ (ಜರಡಿ ಎಷ್ಟು ಸಣ್ಣದು ಎನ್ನುವ ಅಳತೆ) ಕೊಡಿ ಅಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಬೋರಿನಿಂದ ಮರಳೇ ಬರುತ್ತಿದ್ದರೆ ನೀರನ್ನು ಮೊದಲು ಸಂಪಿಗೆ ಬಿಟ್ಟು ತಿಳಿಯಾಗಿಸಿ, ಆಮೇಲೆ ಲಾನ್‌ಗೆ ಎತ್ತಿ.

ಮುಚ್ಚದ ವಾಲ್ವ್

ಟೈಮರ್ ಇರುವ ಮನೆಗಳಲ್ಲಿ ಎಲ್ಲರೂ ಹೆದರುವ ಭಾಗ ಇದು. ಹೆದರುವಂಥದ್ದೇನಿಲ್ಲ, ಆದರೆ ಒಳಗೆ ಏನಾಗುತ್ತದೆ ಎಂದು ತಿಳಿಯದೆ ಬಿಚ್ಚಿದರೆ ಜೋಡಿಸುವುದು ಕಷ್ಟ.

ಸೊಲೆನಾಯ್ಡ್ ವಾಲ್ವ್, ಅಂದರೆ ಟೈಮರ್‌ಗೆ ಜೋಡಿಸಿದ ಕರೆಂಟ್ ವಾಲ್ವ್, ಒಳಗೆ ಅಂಗೈಯಗಲದ ಒಂದು ರಬ್ಬರ್ ಹಾಳೆ ಇದೆ. ಅದಕ್ಕೆ ಡಯಾಫ್ರಮ್ ಎನ್ನುತ್ತಾರೆ. ನೀರು ಅದರ ಕೆಳಗಿನಿಂದ ಬರುತ್ತದೆ. ಒಂದು ಸೂಜಿ ತೂತಿನ ಮೂಲಕ ಸ್ವಲ್ಪ ನೀರು ಹಾಳೆಯ ಮೇಲಿನ ಕೋಣೆಗೂ ಸೇರುತ್ತದೆ. ಮೇಲೂ ಕೆಳಗೂ ಒತ್ತಡ ಒಂದೇ. ಆದರೆ ಮೇಲೆ ನೀರು ಒತ್ತುವ ಜಾಗ ದೊಡ್ಡದು, ಜೊತೆಗೆ ಒಂದು ಸ್ಪ್ರಿಂಗ್ ಇದೆ. ಹಾಗಾಗಿ ಹಾಳೆ ಕೆಳಗೆ ಒತ್ತಿಕೊಂಡು ದಾರಿ ಮುಚ್ಚಿರುತ್ತದೆ. ಟೈಮರ್ ಕರೆಂಟ್ ಕೊಟ್ಟಾಗ ಮೇಲಿನ ಕಾಯಿಲ್ ಒಂದು ಸಣ್ಣ ಕಬ್ಬಿಣದ ಕಡ್ಡಿಯನ್ನು ಎತ್ತುತ್ತದೆ, ಮೇಲಿನ ಕೋಣೆಯ ನೀರು ಆಚೆ ಹರಿದುಹೋಗುತ್ತದೆ. ಮೇಲಿನ ಒತ್ತಡ ಇಳಿಯಿತು, ಕೆಳಗಿನ ನೀರು ಹಾಳೆಯನ್ನು ಎತ್ತಿ ನುಗ್ಗಿತು. ಕರೆಂಟ್ ನಿಂತಾಗ ಕೋಣೆ ಮತ್ತೆ ತುಂಬಿ ಹಾಳೆ ಕೂರುತ್ತದೆ. ಅಂದರೆ ಕರೆಂಟ್ ಬರೀ ಸನ್ನೆ ಕೊಡುತ್ತದೆ, ವಾಲ್ವ್ ತೆರೆದು ಮುಚ್ಚುವ ಕೆಲಸ ಮಾಡುವುದು ನೀರೇ.

ಇಷ್ಟು ತಿಳಿದರೆ ರೋಗ ಹಿಡಿಯುವುದು ಸುಲಭ. ವಾಲ್ವ್ ಮುಚ್ಚುತ್ತಿಲ್ಲವೇ? ಆ ಸೂಜಿ ತೂತು ಕಟ್ಟಿ ಮೇಲಿನ ಕೋಣೆ ತುಂಬುತ್ತಿಲ್ಲ, ಅಥವಾ ಹಾಳೆ ಕೂರುವ ಜಾಗದಲ್ಲಿ ಒಂದು ಮರಳಿನ ಕಾಳು ಕೂತಿದೆ, ಇಲ್ಲವೇ ರಬ್ಬರ್ ಹರಿದಿದೆ. ತೆರೆಯುತ್ತಿಲ್ಲವೇ? ಕಾಯಿಲ್ ಅಡಿಯ ಸಣ್ಣ ರಂಧ್ರ ಕಟ್ಟಿದೆ, ಅಥವಾ ಕರೆಂಟೇ ಬರುತ್ತಿಲ್ಲ.

ನೀರು ಬಂದ್ ಮಾಡಿ, ಮೇಲಿನ ಸ್ಕ್ರೂಗಳನ್ನು ಬಿಚ್ಚಿ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ಸ್ಪ್ರಿಂಗ್ ಹಾರಿ ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ, ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ಡಯಾಫ್ರಮ್ ಬೆಳಕಿಗೆ ಹಿಡಿದು ನೋಡಿ. ತೂತು ಕಾಣಬೇಕು, ಬಿರುಕು ಕಾಣಬಾರದು. ಅಂಚಿನಲ್ಲಿ ಬೆರಳು ಆಡಿಸಿದರೆ ಮರಳಿನ ಕಾಳು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಾಗುತ್ತದೆ. ತೊಳೆದು ಹಾಗೇ ಕೂಡಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಎಲ್ಲಾ ತೊಳೆದರೂ ಮುಚ್ಚದಿದ್ದರೆ ಮತ್ತೆ ಒತ್ತಡದ ಕಡೆ ನೋಡಿ. ಈ ಬಗೆಯ ವಾಲ್ವ್ ಗಟ್ಟಿಯಾಗಿ ಕೂರಲು ನೀರಿನ ಒತ್ತಡವೇ ಬೇಕು ಅಂದೆವಲ್ಲ? ಪಂಪ್ ನಿಂತ ಮೇಲೂ ಮಾಳಿಗೆಯ ಟ್ಯಾಂಕಿನ ನೀರು ಪಂಪಿನೊಳಗಿಂದಲೇ ನಿಧಾನ ಇಳಿಯುತ್ತಿರುತ್ತದೆ. ಆ 0.7 ಬಾರ್ ಒತ್ತಡ ಕೆಲವು ವಾಲ್ವ್‌ಗೆ ಸಾಲುವುದಿಲ್ಲ. ಕಡಿಮೆ ಒತ್ತಡದ ವಾಲ್ವ್ ಕೇಳಿ ತರಬೇಕು, ಇಲ್ಲವೇ ಟೈಮರ್ ಮೋಹ ಬಿಟ್ಟು ಕೈ ವಾಲ್ವ್ ಹಾಕಬೇಕು. ಸಣ್ಣ ಲಾನ್‌ಗೆ ಕೈ ವಾಲ್ವ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕರೆಂಟ್ ಕಡೆಯ ಪರೀಕ್ಷೆ ಬೇಗ ಆಗುತ್ತದೆ. ಕಾಯಿಲನ್ನು ಕೈಯಲ್ಲಿ ಕಾಲು ಸುತ್ತು ಸಡಿಲಿಸಿ. ನೀರು ಬಂದರೆ ವಾಲ್ವ್ ಸರಿಯಿದೆ, ದೋಷ ವೈರ್‌ನಲ್ಲಿದೆ. ಟೈಮರ್ ಪ್ಲಗ್ ತೆಗೆದು, ಕಾಯಿಲಿನ ವೈರ್ ಬಿಚ್ಚಿ, ಮಲ್ಟಿಮೀಟರ್ ಹಿಡಿಯಿರಿ. 24 ವೋಲ್ಟ್ ಕಾಯಿಲ್ ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಹರಿದಿದೆ, ಸೊನ್ನೆ ತೋರಿಸಿದರೆ ಸುಟ್ಟಿದೆ. ಕಾಯಿಲ್ ಸರಿಯಿದ್ದರೆ ವೈರ್ ಹೋದ ದಾರಿ ಹಿಡಿದು ನೋಡಿ, ಬಹುಪಾಲು ಹೆಗ್ಗಣ ಕಡಿದಿರುತ್ತದೆ. ಜೋಡಿಸಿದ ಜಾಗಕ್ಕೆ ಬರೀ ಕಪ್ಪು ಟೇಪ್ ಸುತ್ತಿದರೆ ಒಂದು ಮಳೆಗೆ ಹಸಿರು ಹಿಡಿಯುತ್ತದೆ. ಜೆಲ್ ತುಂಬಿದ ಕನೆಕ್ಟರ್ ಹಾಕಿ. 24 ವೋಲ್ಟ್ ವೈರ್ ಮನೆಯವರು ಮುಟ್ಟಬಹುದು. ಪಂಪಿನದು 230 ವೋಲ್ಟ್, ಒದ್ದೆ ನೆಲ ಬೇರೆ. ಅದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಎರೆ ಮಣ್ಣು ಮತ್ತು ಒಡೆದ ಪೈಪ್

ಪೈಪ್ ಒಡೆಯುವುದು ಇಲ್ಲಿ ಹೆಚ್ಚಾಗಿ ಗುದ್ದಲಿ ಏಟಿಗಲ್ಲ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕೈಬೆರಳು ಇಳಿಯುವುದು ನೋಡಿದ್ದೀರಲ್ವಾ? ಲಾನ್‌ನಡಿಯೂ ಅದೇ ಆಟ. ನೀರು ಬಿದ್ದ ಕಡೆ ಮಣ್ಣು ಮೇಲೇಳುತ್ತದೆ, ಬೀಳದ ಕಡೆ ಇಳಿಯುತ್ತದೆ. ಪಿವಿಸಿ ಪೈಪ್ ಬಾಗಲು ಒಪ್ಪುವುದಿಲ್ಲ. ಹೆಡ್ ಮತ್ತು ಪೈಪ್ ಸೇರುವ ಕಡೆ ಪ್ಲಾಸ್ಟಿಕ್ ಮರೆ (ತಿರುಗಿಸಿ ಕೂಡಿಸುವ ಸ್ಕ್ರೂ ಹಲ್ಲು) ಇರುವ ತುಂಡು ಎಲ್ಲಕ್ಕಿಂತ ಬಡಪಾಯಿ, ಅದೇ ಮೊದಲು ಮುರಿಯುತ್ತದೆ. ಮಸಾರಿ (ಕೆಂಪು ಮಣ್ಣಿನ) ಭೂಮಿಯವರಿಗೆ ಈ ಕಾಟ ಕಮ್ಮಿ.

ಹೀಗೆ ಮುರಿದದ್ದಕ್ಕೆ ಮತ್ತೆ ಅಂಥದೇ ತುಂಡು ಹಾಕಿದರೆ ಮುಂದಿನ ಬೇಸಿಗೆಗೆ ಮತ್ತೆ ಮುರಿಯುತ್ತದೆ. ಪೈಪಿನ ಟೀ (T ಆಕಾರದ ಜೋಡಣೆ ತುಂಡು) ಮತ್ತು ಹೆಡ್ ನಡುವೆ ಒಂದೂವರೆ ಅಡಿ ಉದ್ದದ 20 ಎಂಎಂ ಕಪ್ಪು ಎಚ್‌ಡಿಪಿಇ (ಬಾಗುವ ಪ್ಲಾಸ್ಟಿಕ್) ಪೈಪ್ ಹಾಕಿ, ಎರಡು ತುದಿಗೂ ಕಂಪ್ರೆಷನ್ ಫಿಟ್ಟಿಂಗ್ ಕೊಡಿ. ಅದನ್ನು ನೇರ ಎಳೆಯದೆ ಸ್ವಲ್ಪ ಬಾಗಿಸಿ ಮಲಗಿಸಿ. ಮಣ್ಣು ಎಷ್ಟು ಕುಣಿದರೂ ಆ ಪೈಪ್ ಜೊತೆಗೆ ಕುಣಿಯುತ್ತದೆ, ಮುರಿಯುವುದಿಲ್ಲ. ಸುತ್ತ ಅಗೆದ ಕಪ್ಪು ಮಣ್ಣನ್ನೇ ತುಂಬದೆ ಮರಳು ಅಥವಾ ಗರಸು ಹಾಕಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಉದ್ದದ ಪೈಪೇ ಒಡೆದಿದ್ದರೆ ಕೆಸರು ಕಂಡಲ್ಲೇ ಅಗೆಯಬೇಡಿ. ನೀರು ಪೈಪಿನ ಗುಂಟ ಹರಿದು ಬೇರೆ ಕಡೆ ಮೇಲೆ ಬರುತ್ತದೆ. ನೀರು ಬಿಟ್ಟ ಕೂಡಲೇ ಮೊದಲು ಒದ್ದೆಯಾಗುವ ಜಾಗ ಗುರುತಿಟ್ಟುಕೊಳ್ಳಿ. ಅಲ್ಲಿಂದ ಎರಡು ಕಡೆಗೂ ಮೂರು ಮೂರು ಅಡಿ ಬಿಡಿಸಿ. ಅಷ್ಟು ಯಾಕೆಂದರೆ, ಗಟ್ಟಿ ಪೈಪಿನ ಎರಡು ತುದಿಯ ನಡುವೆ ಹೊಸ ತುಂಡು ತೂರಿಸಬೇಕಾದರೆ ತುದಿಗಳು ಸ್ವಲ್ಪ ಮೇಲೇಳಬೇಕು. ಒಂದಡಿ ಗುಂಡಿಯಲ್ಲಿ ಅದು ಆಗದು. ಜಾಗವೇ ಇಲ್ಲದಿದ್ದರೆ ಒಂದು ಕಡೆ ಯೂನಿಯನ್ (ಬಿಚ್ಚಿ ಕೂಡಿಸಬಹುದಾದ ಜೋಡಣೆ) ಹಾಕಬೇಕಾಗುತ್ತದೆ.

ಸೀಳಿದ ಭಾಗವನ್ನು ಹ್ಯಾಕ್ಸಾದಿಂದ ನೇರ ಕತ್ತರಿಸಿ. ತುದಿಯ ಸಿಬಿರು ಚಾಕುವಿನಿಂದ ಕೆರೆದು, ಉಪ್ಪು ಕಾಗದದಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಪೈಪ್ ಒಳಗಿನಿಂದ ನೀರು ಜಿನುಗುತ್ತಿದ್ದರೆ ಸಲ್ಯೂಷನ್ (ಪೈಪ್ ಅಂಟಿಸುವ ಅಂಟು) ಹಿಡಿಯುವುದಿಲ್ಲ, ಪೂರ್ತಿ ಬಸಿಯಲು ಬಿಡಿ. ಸಲ್ಯೂಷನ್ ಹಚ್ಚುವ ಮೊದಲು ಒಮ್ಮೆ ಒಣದಾಗಿಯೇ ಜೋಡಿಸಿ, ಎಷ್ಟು ಒಳಗೆ ಹೋಗುತ್ತದೆ ಎಂದು ಪೆನ್ನಿನಿಂದ ಗೆರೆ ಹಾಕಿ. ಆಮೇಲೆ ಕಪ್ಲಿಂಗ್ (ಎರಡು ಪೈಪ್ ಜೋಡಿಸುವ ತುಂಡು) ಒಳಗೆ ತೆಳ್ಳಗೆ, ಪೈಪ್ ಮೇಲೆ ಸ್ವಲ್ಪ ದಪ್ಪಗೆ ಹಚ್ಚಿ, ಗೆರೆ ಮುಟ್ಟುವವರೆಗೆ ಕಾಲು ಸುತ್ತು ತಿರುಗಿಸುತ್ತಾ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಸಲ್ಯೂಷನ್ ಬ್ರಷ್ ಮೇಲೇ ಒಣಗುತ್ತದೆ. ಬೆಳಿಗ್ಗೆ ಮಾಡಿ, ಒಂದು ರಾತ್ರಿ ಬಿಟ್ಟು ನೀರು ಕೊಡಿ. ಮನೆಯೊಳಗಿನ ಬಿಸಿನೀರಿನ ಸಿಪಿವಿಸಿ ಪೈಪಿನ ಸಲ್ಯೂಷನ್ ಬೇರೆ, ಇದರದು ಬೇರೆ. ಡಬ್ಬಿ ನೋಡಿ ತನ್ನಿ.

ಮರೆಗೆ ಟೆಫ್ಲಾನ್ ಟೇಪ್ ಸಾಕು. ಬಿಗಿ ಮಾಡುವ ದಿಕ್ಕಿನಲ್ಲೇ ಸುತ್ತಿ. ಹಳೇ ಕಾಲದ ಪ್ಲಂಬರ್‌ಗಳು ಕಬ್ಬಿಣದ ಜಿಐ ಪೈಪಿಗೆ ಸಣಬಿನ ನಾರು, ಪೇಂಟ್ ಹಚ್ಚುತ್ತಿದ್ದರು. ಪ್ಲಾಸ್ಟಿಕ್‌ಗೆ ಅದು ಆಗದು, ನಾರು ನೆನೆದು ಉಬ್ಬಿ ಫಿಟ್ಟಿಂಗನ್ನೇ ಸೀಳುತ್ತದೆ. ಪೈಪ್ ಪಾನಾ ಕೂಡ ದೂರ ಇಡಿ. ಕೈ ಬಿಗಿ, ಮೇಲೆ ಅರ್ಧ ಸುತ್ತು ಸಾಕು. ಆನ್‌ಲೈನ್‌ನಲ್ಲಿ ತರಿಸಿದ ಅಮೆರಿಕದ ಹೆಡ್‌ಗೆ ಅಲ್ಲಿನ ಅಳತೆಯ ಮರೆ ಇರುತ್ತದೆ. ನಮ್ಮ ಅರ್ಧ ಇಂಚಿನ ಫಿಟ್ಟಿಂಗಿಗೆ ಅದು ಕೂತಂತೆ ಕಾಣುತ್ತದೆ, ಆದರೆ ಹಲ್ಲಿನ ಕೋನ ಬೇರೆ. ಎಷ್ಟು ಟೇಪ್ ಸುತ್ತಿದರೂ ಹನಿಯುತ್ತದೆ.

ಇಷ್ಟೆಲ್ಲಾ ಮಾಡಿ ಎಲ್ಲರೂ ಬಿಡುವ ಕೆಲಸ ಒಂದಿದೆ, ಲೈನ್ ತೊಳೆಯುವುದು. ಪೈಪ್ ಕತ್ತರಿಸಿದಾಗ ಮಣ್ಣು ಒಳಗೆ ಹೋಗಿಯೇ ಹೋಗಿರುತ್ತದೆ. ಆ ಲೈನಿನ ನಾಜಲ್‌ಗಳನ್ನೆಲ್ಲ ಬಿಚ್ಚಿ ನೀರು ಬಿಡಿ. ಕೊನೆಯ ಹೆಡ್‌ನಿಂದ ತಿಳಿ ನೀರು ಬರುವವರೆಗೂ ಬಿಡಿ. ಆಮೇಲೆ ಪಂಪಿನ ಹತ್ತಿರದ ನಾಜಲ್‌ನಿಂದ ಶುರು ಮಾಡಿ ಒಂದೊಂದೇ ಕೂಡಿಸಿ, ಕೊನೆಯದನ್ನು ಕೊನೆಗೆ.

ಮಣ್ಣು ಮುಚ್ಚುವ ಮೊದಲು, ಗುಂಡಿ ತೆರೆದಿರುವಾಗಲೇ ಒಂದು ಬಾಲ್ ವಾಲ್ವ್ ಸೇರಿಸಿಬಿಡಿ. ಪ್ರತಿ ಲೈನ್ ಬೇರೆ ಬೇರೆ ಬಂದ್ ಮಾಡುವಂತಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗೇಟ್ ಮುಂದೆ ನೀರು ತಡೆಯಲು ಬೇರೆ ವ್ಯವಸ್ಥೆ ಇರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಅಡ್ಡ) ಇಳಿಸಬೇಕಾಯಿತು. ಮನೆ ಲಾನ್‌ನಲ್ಲೂ ಒಂದು ಹೆಡ್ ಮುರಿದದ್ದಕ್ಕೆ ಇಡೀ ಮನೆಯ ನೀರು ನಿಲ್ಲಿಸುವ ಸ್ಥಿತಿ ಬರಬಾರದು.

ರಿಪೇರಿ ಸರಿಯಾಗಿದೆಯೋ ನೋಡಲು ಒಂದೇ ಅಳತೆಯ ನಾಲ್ಕಾರು ಡಬ್ಬಿಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಡಿ. ಗೋಡೆ ನೇರ ಇರುವ ಡಬ್ಬಿ ಆಗಬೇಕು, ಚೆಂಬು ಬೇಡ. ಹತ್ತು ನಿಮಿಷ ಓಡಿಸಿ, ಮಕ್ಕಳ ಸ್ಕೇಲ್‌ನಿಂದ ನೀರಿನ ಎತ್ತರ ಅಳೆಯಿರಿ. ಒಂದರಲ್ಲಿ 3 ಎಂಎಂ, ಇನ್ನೊಂದರಲ್ಲಿ 9 ಎಂಎಂ ಇದ್ದರೆ ನಾಜಲ್ ದಿಕ್ಕು, ಹೆಡ್ ವಾಲಿರುವುದು ನೋಡಿ ಸರಿಪಡಿಸಿ. ಸ್ಪ್ರೇ ಹೆಡ್ ಮತ್ತು ರೋಟರ್ ಒಂದೇ ಲೈನಿನಲ್ಲಿದ್ದರೆ ಮಾತ್ರ ಎಷ್ಟು ತಿರುಗಿಸಿದರೂ ಸಮ ಆಗದು. ಸ್ಪ್ರೇ ಗಂಟೆಗೆ 35–40 ಎಂಎಂ ಸುರಿಸಿದರೆ ರೋಟರ್ ಅದರ ಕಾಲು ಭಾಗದಷ್ಟೇ ಸುರಿಸುತ್ತದೆ.

ಎರೆ ಮಣ್ಣು ಒಮ್ಮೆ ಬಿರುಕು ಮುಚ್ಚಿಕೊಂಡರೆ ನೀರನ್ನು ಬಹಳ ನಿಧಾನ ಕುಡಿಯುತ್ತದೆ. ಅರ್ಧ ಗಂಟೆ ಒಂದೇ ಸಮ ಬಿಟ್ಟರೆ ಅರ್ಧ ನೀರು ಗೇಟಿನಾಚೆ ರಸ್ತೆಗೆ ಹೋಗುತ್ತದೆ. ಐದಾರು ನಿಮಿಷ ಬಿಟ್ಟು, ಒಂದು ಗಂಟೆ ನಿಲ್ಲಿಸಿ, ಮತ್ತೆ ಐದಾರು ನಿಮಿಷ ಬಿಡಿ. ನಸುಕಿನಲ್ಲಿ ಗಾಳಿ ಏಳುವ ಮುಂಚೆ ಮುಗಿಸಿ. ಮಳೆಗಾಲಕ್ಕೆ ಮುನ್ನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಟೈಮರ್ ಪ್ಲಗ್ ತೆಗೆದಿಡಿ, ಸಿಡಿಲಿಗೆ ಮೊದಲು ಸುಡುವುದು ಅದರ ಟ್ರಾನ್ಸ್‌ಫಾರ್ಮರ್. ಮನೆಯಲ್ಲಿ ಒಂದು ಡಯಾಫ್ರಮ್, ಎರಡು ಹೆಡ್, ನಾಲ್ಕು ನಾಜಲ್, ಎರಡು ಕಪ್ಲಿಂಗ್, ಒಂದು ಸಣ್ಣ ಡಬ್ಬಿ ಸಲ್ಯೂಷನ್ ಇರಲಿ. ಸಲ್ಯೂಷನ್ ಮುಚ್ಚಳ ಬಿಗಿ ಇಲ್ಲದಿದ್ದರೆ ಒಂದು ಬೇಸಿಗೆಗೆ ಗಟ್ಟಿಯಾಗಿ ಕೂತಿರುತ್ತದೆ, ಹೊರಗೆ ಶೆಡ್ಡಿನಲ್ಲಿ ಇಡಬೇಡಿ.